ಡೇರಿ ಕಾರ್ಯದರ್ಶಿಯಾಗಿ ನನ್ನ ಅನುಭವ: ಸಿಟ್ಟು ಬರುವ ಮೊದಲೇ ಮಾಡುವ ಕೆಲಸ

ಮದ್ದೂರು ತಾಲ್ಲೂಕಿನ ಒಂದು ಊರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ನಾನು ಕಾರ್ಯದರ್ಶಿ. ಅದಕ್ಕೂ ಮೊದಲು ಇಲ್ಲೇ ಹಾಲು ಪರೀಕ್ಷಕಿಯಾಗಿದ್ದೆ. ಈ ಊರಿಗೆ ಸೊಸೆಯಾಗಿ ಬಂದವಳು. ಹಾಗಾಗಿ ಹಾಲು ಹಾಕುವವರಲ್ಲಿ ಅರ್ಧ ಜನ ನನಗೆ ಅತ್ತೆಯೋ, ನಾದಿನಿಯೋ, ಓರಗಿತ್ತಿಯೋ ಆಗಬೇಕು. ಇಂಥ ಕಡೆ ಅಧಿಕಾರದ ಕುರ್ಚಿಯಲ್ಲಿ ಕೂತವರಿಗೆ ‘ಸಮಾಧಾನವಾಗಿರಮ್ಮ’ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಅಂತ ಯಾರೂ ಹೇಳುವುದಿಲ್ಲ.

ನಾನು ಕಂಡುಕೊಂಡದ್ದು ಇಷ್ಟು. ಜಗಳ ಎಲ್ಲಿ ಹುಟ್ಟುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಆಗ ಏನು ಮಾಡಬೇಕು ಅಂತ ತಲೆ ತಣ್ಣಗಿರುವಾಗಲೇ ತೀರ್ಮಾನ ಮಾಡಿ ಬರೆದಿಟ್ಟುಕೊಳ್ಳಬೇಕು. ಆಮೇಲೆ ಯಾರು ಕೂಗಾಡಿದರೂ ನಾವು ಹೊಸದಾಗಿ ಯೋಚಿಸಬೇಕಾಗಿಲ್ಲ.

ನಮ್ಮಲ್ಲಿ ಜಗಳ ಹುಟ್ಟುವ ಜಾಗ ಫ್ಯಾಟು, ಅಂದರೆ ಹಾಲಿನ ಕೊಬ್ಬು. ಹಾಲಿಗೆ ದರ ಸಿಗುವುದು ಅಳತೆಯ ಮೇಲೆ ಮಾತ್ರ ಅಲ್ಲ, ಅದರಲ್ಲಿರುವ ಕೊಬ್ಬು ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಮೇಲೆ. ಹಸುವಿನ ಹಾಲಾದರೆ ಫ್ಯಾಟು ಸಾಮಾನ್ಯವಾಗಿ ಶೇಕಡಾ 3.5ರಿಂದ 4ರ ಆಸುಪಾಸು. ಎಮ್ಮೆ ಹಾಲಾದರೆ 6 ದಾಟುತ್ತದೆ. ನಿನ್ನೆ 3.9 ಬಂದದ್ದು ಇವತ್ತು 3.4 ಅಂತ ಚೀಟಿ ಬಂದರೆ ಕೈಯಲ್ಲಿ ಕ್ಯಾನು ಹಿಡಿದು ನಿಂತವರಿಗೆ ಹೊಟ್ಟೆ ಉರಿಯುವುದು ಸಹಜ. ‘ನಿಮ್ ಮಿಷಿನ್ನೇ ಸರಿ ಇಲ್ಲ ಕನವ್ವ’ ಅಂತ ಒಬ್ಬರು ಶುರು ಮಾಡಿದರೆ ಹಿಂದಿನ ಸಾಲೆಲ್ಲ ದನಿ ಸೇರಿಸುತ್ತದೆ. ಬೆಳಗ್ಗೆ ಆರೂವರೆ. ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕು, ಗದ್ದೆಗೆ ಆಳು ಬಂದಿರುತ್ತಾರೆ. ಯಾರಿಗೂ ಕಾಯುವ ತಾಳ್ಮೆ ಇರುವುದಿಲ್ಲ.

ಕಾರ್ಯದರ್ಶಿಯಾದ ಮೇಲೆ ನಾನು ಆಡಳಿತ ಮಂಡಳಿಯ ಮುಂದಿಟ್ಟ ಮೊದಲ ವಿಷಯವೇ ಇದು. ಯಾರು ಅನುಮಾನ ಪಟ್ಟರೂ ಅದೇ ಮಾದರಿಯನ್ನು ಅವರ ಕಣ್ಣೆದುರೇ ಮತ್ತೊಂದು ಸಲ ಪರೀಕ್ಷಿಸಬೇಕು. ಎರಡನೇ ಸಲ ಬಂದದ್ದೇ ಕೊನೆ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ಗೋಡೆಯ ಮೇಲೂ ದಪ್ಪ ಅಕ್ಷರದಲ್ಲಿ ಬರೆಸಿದೆ. ಈಗ ಜಗಳಕ್ಕೆ ಬಂದವರ ಹತ್ತಿರ ವಾದ ಮಾಡುವುದಿಲ್ಲ. ‘ಬನ್ನಿ ಅತ್ತೆ, ಇನ್ನೊಂದು ಸಲ ನೋಡೇ ಬಿಡೋಣ’ ಅಂತೀನಿ, ಅಷ್ಟೇ.

ಆದರೆ ಯಂತ್ರ ಸರಿ ಇದೆ ಅಂತ ತೋರಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಫ್ಯಾಟು ಯಾಕೆ ಇಳಿಯಿತು ಅಂತ ಅವರಿಗೆ ಗೊತ್ತಾಗಬೇಕಲ್ವಾ? ಅದಕ್ಕೆ ಸಂಜೆ ಹಾಲಿನ ಸಾಲು ಕರಗಿದ ಮೇಲೆ ಜಗುಲಿಯಲ್ಲಿ ಕೂತು ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಕೆಚ್ಚಲಿನಿಂದ ಮೊದಲು ಬರುವ ಹಾಲು ತೆಳು, ಕೊನೆಗೆ ಇಳಿಯುವ ಹಾಲಿನಲ್ಲೇ ಕೊಬ್ಬು ಜಾಸ್ತಿ. ಕೊನೆಯ ಹಾಲನ್ನು ಕರುವಿಗೆ ಬಿಟ್ಟರೆ ಡೇರಿಗೆ ತರುವ ಹಾಲಿನ ಫ್ಯಾಟು ಇಳಿದೇ ಇಳಿಯುತ್ತದೆ. ಕರುವಿನ ಪಾಲು ಮೊದಲೇ ಕೊಡಿ, ಕೊನೆಯದನ್ನು ಕರೆದುಕೊಳ್ಳಿ ಅಂತೀನಿ. ನಾಲೆಗೆ ನೀರು ಬಿಟ್ಟ ಮೇಲೆ ನಮ್ಮ ಕಡೆ ಹಸಿರು ಮೇವಿಗೆ ಬರವಿಲ್ಲ. ಆಗ ಒಣ ಹುಲ್ಲು ಯಾಕೆ ಅಂತ ಬರೀ ಹಸಿ ಮೇವೇ ಹಾಕುತ್ತಾರೆ. ಹಾಲು ಏರಿದರೂ ಫ್ಯಾಟು ಕುಸಿಯುತ್ತದೆ. ಹಸುವಿನ ಮೆಲುಕಿಗೆ ನಾರು ಬೇಕು, ಆ ನಾರಿನಿಂದಲೇ ಕೊಬ್ಬು ಕಟ್ಟುವುದು. ದಿನಕ್ಕಿಷ್ಟು ಒಣ ಹುಲ್ಲು ಸೇರಿಸಿದ ಮನೆಗಳಲ್ಲಿ ಚೀಟಿ ಸುಧಾರಿಸಿದ್ದನ್ನು ನಾನೇ ನೋಡಿದ್ದೇನೆ. ಬೆಳಗಿನ ಹಾಲಿಗಿಂತ ಸಂಜೆಯ ಹಾಲಿಗೆ ಫ್ಯಾಟು ಜಾಸ್ತಿ ಬರುವುದಕ್ಕೂ ಕಾರಣವಿದೆ. ಎರಡು ಕರೆಯುವಿಕೆಯ ನಡುವೆ ರಾತ್ರಿಯ ಅಂತರ ಉದ್ದ, ಹಗಲಿನದು ಗಿಡ್ಡ; ಅಂತರ ಗಿಡ್ಡವಾದರೆ ಹಾಲು ಕಡಿಮೆ, ಫ್ಯಾಟು ಜಾಸ್ತಿ. ಇದು ಗೊತ್ತಾದ ಮೇಲೆ ಎರಡು ಹೊತ್ತಿನ ಚೀಟಿ ಪಕ್ಕಪಕ್ಕ ಇಟ್ಟು ಗಲಾಟೆ ಮಾಡುವುದು ನಿಂತೇ ಹೋಯಿತು.

ಇದನ್ನು ಇಷ್ಟು ಉದ್ದ ಹೇಳಲು ಕಾರಣವಿದೆ. ಮೇಲಿನ ಹುದ್ದೆಗೆ ಹೋದವರು ಕೆಳಗಿನ ಕೆಲಸದ ಒಳಮರ್ಮ ಮರೆತುಬಿಟ್ಟರೆ ಅವರ ಸಮಾಧಾನ ಬರೀ ಮುಖದ ಮೇಲಿರುತ್ತದೆ. ನನಗೆ ಧೈರ್ಯ ಬಂದದ್ದು ಪರೀಕ್ಷೆಯ ಮೇಜಿನಿಂದ.

ಫ್ಯಾಟಿಗಿಂತ ಕಷ್ಟದ್ದು ಮೇಲಿನವರ ಒತ್ತಡ. ಸಹಕಾರ ಸಂಘದಲ್ಲಿ ಕಾರ್ಯದರ್ಶಿ ಸಂಬಳದ ನೌಕರಳು. ಅಧ್ಯಕ್ಷರು, ನಿರ್ದೇಶಕರು ಐದು ವರ್ಷಕ್ಕೊಮ್ಮೆ ಚುನಾವಣೆಯಲ್ಲಿ ಗೆದ್ದು ಬರುವವರು. ಒಂದು ಬೇಸಿಗೆಯಲ್ಲಿ ನಿರ್ದೇಶಕರೊಬ್ಬರ ಮನೆಯ ಹಾಲು ವಾಸನೆ ಹೊಡೆಯುತ್ತಿತ್ತು. ಪರೀಕ್ಷೆಯ ಕೊಳವೆಯಲ್ಲಿ ಸ್ವಲ್ಪ ಹಾಕಿ ಕುದಿಸಿದೆವು, ಒಡೆಯಿತು. ‘ಒಂದಿನ ತಾನೆ, ದೊಡ್ಡ ಕ್ಯಾನಿಗೆ ಸುರಿದ್ರೆ ಯಾರಿಗ್ ಗೊತ್ತಾಯ್ತದೆ?’ ಅಂದರು. ಅವರ ಮೇಲೆ ನಾನು ದನಿ ಏರಿಸಲಿಲ್ಲ. ಅವರನ್ನು ಒಳಗೆ ಕರೆದು, ಬೆಂಚಿನ ಮೇಲೆ ಕೂರಿಸಿ, ‘ಅಕ್ಕ, ಹುಳಿ ಹಾಲು ಸೇರಿದರೆ ದೊಡ್ಡ ಡೇರಿಯಿಂದ ಇಡೀ ಕ್ಯಾನು ವಾಪಸ್ ಬರುತ್ತದೆ. ಆ ಕ್ಯಾನಿನಲ್ಲಿ ಇವತ್ತು ಬಾಣಂತಿಯೊಬ್ಬಳ ಮನೆಯ ಹಾಲೂ ಇದೆ. ಅವಳಿಗೆ ನಾವು ಏನು ಹೇಳೋಣ?’ ಅಂತ ಕೇಳಿದೆ. ಅವರು ಸುಮ್ಮನಾದರು. ಸಿಟ್ಟು ಹೋಗಲಿಲ್ಲ, ಕೆಲವು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆದರೆ ಹಾಲನ್ನು ವಾಪಸ್ ತೆಗೆದುಕೊಂಡು ಹೋದರು.

ಇಲ್ಲಿ ನಾನು ಪಾಲಿಸುವುದು ಎರಡು. ‘ಇಲ್ಲ’ ಅನ್ನುವುದನ್ನು ಸಾಲಿನ ಮುಂದೆ ಹೇಳುವುದಿಲ್ಲ, ಮರೆಯಲ್ಲಿ ಹೇಳುತ್ತೇನೆ. ಹೇಳಿದ ಮೇಲೆ ಬದಲಾಯಿಸುವುದಿಲ್ಲ. ಊರಿನಲ್ಲಿ ಮಾನ ಅನ್ನುವುದು ಹಾಲಿನ ದುಡ್ಡಿಗಿಂತ ದೊಡ್ಡದು. ಅದನ್ನು ಉಳಿಸಿಕೊಟ್ಟರೆ ನಮ್ಮ ಮಾತು ಅವರಿಗೆ ನುಂಗಲು ಆಗುತ್ತದೆ.

ನನ್ನ ಜೊತೆಗಾತಿಯ ವಿಷಯವನ್ನೂ ಹೇಳಬೇಕು. ನಾವಿಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದವರು. ಅವಳು ಅಳತೆಗೆ, ನಾನು ಪರೀಕ್ಷೆಗೆ. ಹುದ್ದೆ ನನಗೆ ಬಂದಾಗ ಅವಳಿಗೆ ನೋವಾಯಿತು. ಅದನ್ನು ಕಾಣದ ಹಾಗೆ ಇರುವುದು ನನಗೆ ಆಗಲಿಲ್ಲ. ಅವಳ ಮನೆಗೇ ಹೋಗಿ, ‘ನಿನಗೆ ಯಾವ ಕೆಲಸ ಕಲಿಯೋ ಆಸೆ ಇದೆ ಹೇಳು’ ಅಂದೆ. ಲೆಕ್ಕ ಕಲಿಯಬೇಕು ಅಂದಳು. ನಗದು ಪುಸ್ತಕ ಬರೆಯುವುದು, ದಾಸ್ತಾನು ಪುಸ್ತಕದಲ್ಲಿ ಹಿಂಡಿ, ಬೂಸಾ ಲೆಕ್ಕ ಇಡುವುದು ಎಲ್ಲ ಹೇಳಿಕೊಟ್ಟೆ. ಈಗ ಆಡಿಟ್ ಸಮಯದಲ್ಲಿ ನನ್ನ ಪಕ್ಕ ಕೂತು ಉತ್ತರ ಕೊಡುವವಳು ಅವಳೇ.

ಬಟವಾಡೆ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಅದು ಸಂಘದ ಕೈಗೆ ಬರುವುದಿಲ್ಲ, ನೇರ ಅವರವರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಇದನ್ನು ತಿಳಿಸಿ ಹೇಳದಿದ್ದರೆ ‘ಐದು ರೂಪಾಯಿ ಎಲ್ಲೋಯ್ತು?’ ಅನ್ನುವ ಪ್ರಶ್ನೆ ಕಾರ್ಯದರ್ಶಿಯ ಮೇಲೇ ಬೀಳುತ್ತದೆ. ಹಾಲಿನ ಹಣ ಬೇರೆ, ಪ್ರೋತ್ಸಾಹಧನ ಬೇರೆ ಅಂತ ಸೂಚನಾ ಫಲಕದಲ್ಲಿ ಬರೆಸಿದ್ದೇನೆ.

ಇನ್ನು ಬೆಳೆಯುವ ಮಾತು. ಪರೀಕ್ಷಕಿಯಾಗಿದ್ದಾಗಲೇ ಕಾರ್ಯದರ್ಶಿ ಆಗಬೇಕು ಅನ್ನುವ ಆಸೆ ನನಗಿತ್ತು. ಆಸೆ ಇಟ್ಟುಕೊಳ್ಳುವುದರಲ್ಲಿ ನಾಚಿಕೆ ಯಾಕೆ? ನಮ್ಮ ಹೆಣ್ಣುಮಕ್ಕಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದೇ ತೊಂದರೆ. ನಾನು ಆಗಿನ ಕಾರ್ಯದರ್ಶಿಯವರಿಗೆ ನೇರವಾಗಿ ಹೇಳಿದೆ. ‘ಅಣ್ಣ, ನೀವು ನಿವೃತ್ತಿ ಆಗೋ ಹೊತ್ತಿಗೆ ನಾನು ತಯಾರಾಗಿರಬೇಕು, ಏನು ಕಲಿಯಲಿ?’ ಅಂದೆ. ಅವರು ಒಂದು ಕ್ಷಣವೂ ಹಿಂಜರಿಯದೆ ಲೆಕ್ಕ ಮತ್ತು ಕಾನೂನು ಅಂದರು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ನಮಗೆ ಬೇಕಾದ ಭಾಗಗಳನ್ನು ಅವರ ಹತ್ತಿರವೇ ಓದಿಸಿಕೊಂಡೆ. ಸಭೆಗೆ ನೋಟಿಸ್ ಹೇಗೆ ಕೊಡಬೇಕು, ಕೋರಂ ಅಂದರೆ ಏನು, ನಡಾವಳಿ ಬರೆಯುವುದು ಹೇಗೆ ಅಂತ ಕಲಿತೆ. ಸಹಕಾರ ಡಿಪ್ಲೊಮಾ ಆಮೇಲೆ ಮಾಡಿದೆ. ಮನೆಯಲ್ಲಿ ಅತ್ತೆ ಸಂಜೆಯ ಅಡುಗೆ ವಹಿಸಿಕೊಂಡಿದ್ದರಿಂದ ಅದು ಸಾಧ್ಯವಾಯಿತು. ಅವರ ಋಣ ದೊಡ್ಡದು.

ಮಧ್ಯೆ ಮಂಡ್ಯದಲ್ಲಿ ಒಂದು ಖಾಸಗಿ ಕಡೆಯಿಂದ ಜಾಸ್ತಿ ಸಂಬಳದ ಕೆಲಸ ಬಂತು. ಒಂದು ವಾರ ಯಾರಿಗೂ ಉತ್ತರ ಕೊಡಲಿಲ್ಲ. ಒಂದು ಹಾಳೆಯಲ್ಲಿ, ಐದು ವರ್ಷದ ನಂತರ ನನಗೆ ಏನು ಗೊತ್ತಿರಬೇಕು ಅಂತ ಬರೆದೆ. ಎಷ್ಟು ಸಂಬಳ ಇರಬೇಕು ಅಂತಲೂ ಬರೆದೆ, ಅದು ಸುಳ್ಳಾಡುವ ವಿಷಯವಲ್ಲ. ಆ ಕೆಲಸದಲ್ಲಿ ದುಡ್ಡಿತ್ತು, ಕಲಿಯುವುದಿರಲಿಲ್ಲ. ಬೇಡ ಅಂದೆ. ಆ ಹಾಳೆಯನ್ನೇ ತೆಗೆದುಕೊಂಡು ಹೋಗಿ ನಮ್ಮ ಆಡಳಿತ ಮಂಡಳಿಯ ಮುಂದೆ ಸಂಬಳ ಏರಿಸಿ ಅಂತ ಕೇಳಿದೆ. ಸಂಘದ ಲಾಭ, ನಾನು ಬಂದ ಮೇಲೆ ವಾಪಸ್ ಬಂದ ಹಾಲು ಕಡಿಮೆಯಾದ ಲೆಕ್ಕ, ಎರಡನ್ನೂ ಜೊತೆಗಿಟ್ಟೆ. ಕೇಳಿದಷ್ಟು ಕೊಡಲಿಲ್ಲ, ಆದರೆ ಏರಿಸಿದರು.

ಈಗ ನನ್ನ ತಲೆಯಲ್ಲಿರುವುದು ಹಾಲು ತಂಪು ಮಾಡುವ ಘಟಕ. ಕರೆದ ಹಾಲನ್ನು ಬೇಗ 4 ಡಿಗ್ರಿಗೆ ಇಳಿಸಿದರೆ ಬೇಸಿಗೆಯ ಹುಳಿ ಸಮಸ್ಯೆ ಬಹುಪಾಲು ಮುಗಿದ ಹಾಗೆ. ಅದಕ್ಕೆ ಜಾಗ ಬೇಕು, ಕರೆಂಟು ಬೇಕು, ಜನರೇಟರ್ ಬೇಕು, ಎಲ್ಲಕ್ಕಿಂತ ಸದಸ್ಯರ ಒಪ್ಪಿಗೆ ಬೇಕು. ಈ ಸೆಪ್ಟೆಂಬರ್‌ನ ಸರ್ವ ಸದಸ್ಯರ ಸಭೆಯಲ್ಲಿ ವಿಷಯ ಇಡಬೇಕು. ನನ್ನ ಹತ್ತಿರ ಮಾತು ಬಿಟ್ಟಿದ್ದ ಆ ನಿರ್ದೇಶಕರ ಮನೆಗೇ ಮೊದಲು ಹೋಗಿ ಕೇಳಿದೆ. ಅವರು ಕಾಫಿ ಕೊಟ್ಟು, ‘ಕರೆಂಟ್ ಬಿಲ್ ಯಾರ್ ಕಟ್ತಾರೆ ಅಂತ ಮೊದ್ಲು ಹೇಳು’ ಅಂದರು. ಒಳ್ಳೆಯ ಪ್ರಶ್ನೆ. ಈ ವಾರ ಅದರ ಲೆಕ್ಕ ಹಾಕುತ್ತಿದ್ದೇನೆ.