ನಾಲೆ ಏರಿ ಹಿಡಿದು 200 ಕಿಲೋಮೀಟರ್: ನನ್ನ ಅನುಭವ

"ಮಂಡ್ಯದಲ್ಲಿ ಹತ್ತೋಕೆ ಏನಿದೆ ಗುರು? ಕಬ್ಬಿನ ಗದ್ದೆ ಬಿಟ್ರೆ?" ನಮ್ಮ ಭಾನುವಾರದ ಸೈಕಲ್ ಗುಂಪಿನಲ್ಲಿ ನಾಲ್ಕು ವರ್ಷದಿಂದ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಏರು ಬೇಕಾದರೆ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಕೊಡಗಿಗೋ ಊಟಿಗೋ ಹೋಗಬೇಕು ಅನ್ನುವುದು ಅವರ ಲೆಕ್ಕ. ನನಗೆ ಕಾರಿಲ್ಲ. ಅಂಗಡಿ ಮುಚ್ಚಿ ಎರಡು ದಿನ ಊರು ಬಿಡುವ ಹಾಗೂ ಇಲ್ಲ. ಹಾಗಾಗಿ ಹಟ ಹಿಡಿದೆ. ಮೈಸೂರಿನ ನಮ್ಮ ಮನೆ ಬಾಗಿಲಿಂದಲೇ ಹೊರಡಬೇಕು, ಒಂದೇ ದಿನದಲ್ಲಿ 200 ಕಿಲೋಮೀಟರ್ ಆಗಬೇಕು, ದಿನವಿಡೀ ಹತ್ತಿದ್ದೆಲ್ಲ ಕೂಡಿದರೆ ಏರು 1,500 ಮೀಟರ್‌ಗೆ ಕಡಿಮೆ ಇರಬಾರದು, ದೊಡ್ಡ ರಸ್ತೆ ಆದಷ್ಟು ಬೇಡ.

ಕಳೆದ ಮಾರ್ಗಶಿರದಲ್ಲಿ ಆಯಿತು. ಊಟ, ಕಾಫಿ, ಒಂದು ಪಂಕ್ಚರ್ ಎಲ್ಲ ಸೇರಿ ಹನ್ನೊಂದೂವರೆ ಗಂಟೆ. ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಓಡಿಸುವವರಿಗೆ 200ಕ್ಕೆ ಕೊಡುವುದು ಹದಿಮೂರೂವರೆ ಗಂಟೆ. ನಾನು ಯಾವ ಬ್ರೆವೆಗೂ ಹೆಸರು ಕೊಟ್ಟಿರಲಿಲ್ಲ, ಸುಮ್ನೆ ಹೇಳಿದೆ ಅಷ್ಟೆ.

ಮೊದಲು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ಹೊಳೆ ಪಕ್ಕದ ರಸ್ತೆ ಅಂದರೆ ಕಣಿವೆ, ಕಣಿವೆ ಅಂದರೆ ಏರು ಇಳಿವು ಇದ್ದೇ ಇರುತ್ತದೆ ಅಂದುಕೊಂಡಿದ್ದೆ. ಶ್ರೀರಂಗಪಟ್ಟಣ, ಅರಕೆರೆ, ಬನ್ನೂರು, ಸೋಮನಾಥಪುರ, ತಲಕಾಡು ಅಂತ ಕಾವೇರಿಯ ಜೊತೆಜೊತೆಗೇ ಹೋದೆ. ಹೋಗಿ ಬರುವಷ್ಟರಲ್ಲಿ 150 ದಾಟಿತ್ತು. ಸೈಕಲ್‌ಗೆ ಕಟ್ಟಿದ ಮೀಟರ್ ನೋಡಿದರೆ ಒಟ್ಟು ಏರು ಐನೂರು ಮೀಟರ್ ಚಿಲ್ಲರೆ! ಹೊಳೆ ಹೋದ ಕಡೆಗೇ ಹೋದರೆ ಇನ್ನೇನಾಗುತ್ತದೆ? ಗುಂಪಿನಲ್ಲಿ ಒಂದು ವಾರ ನಕ್ಕರು.

ಎರಡನೇ ಸಲ ಉಲ್ಟಾ ಮಾಡಿದೆ. ದಿಣ್ಣೆ ಕಂಡಲ್ಲೆಲ್ಲ ಹತ್ತಿಸಿದೆ. ಕರಿಘಟ್ಟ ಹತ್ತಿ ಇಳಿದು, ಮೇಲುಕೋಟೆ ಹತ್ತಿ ಇಳಿದು, ಅಲ್ಲಿಂದ ಫೋನಿನ ಮ್ಯಾಪ್ ತೋರಿಸಿದ ಅಡ್ಡದಾರಿಗೆ ಬಿದ್ದೆ. ಮ್ಯಾಪ್‌ನಲ್ಲಿ ರಸ್ತೆ ಇತ್ತು, ಹೋದರೆ ಗದ್ದೆ ಬದು. ಸೈಕಲ್ ಹೆಗಲ ಮೇಲೆ ಹೊತ್ತು ಒಂದು ಕಿಲೋಮೀಟರ್ ನಡೆದೆ. ಶೂ ಅಡಿಯಲ್ಲಿ ಪೆಡಲ್‌ಗೆ ಸಿಕ್ಕಿಸುವ ಕ್ಲೀಟ್‌ಗೆ ಕೆಸರು ಮೆತ್ತಿ ಅದು ಕೂರಲೇ ಇಲ್ಲ. ದುದ್ದದ ಹತ್ತಿರ ಕಣ್ಣು ಕತ್ತಲೆ ಬಂದು ಅರಳಿಕಟ್ಟೆ ಮೇಲೆ ಮಲಗಿಬಿಟ್ಟೆ. ಎಳನೀರು ತುಂಬಿದ ಟೆಂಪೋದವರು "ಬನ್ನಿ ಸಾರ್, ಮಂಡ್ಯಗಂಟ ಬುಡ್ತೀನಿ" ಅಂದರು. ದುಡ್ಡು ಬೇಡ ಅಂದರೂ ನೂರು ರೂಪಾಯಿ ಜೇಬಿಗೆ ತುರುಕಿದೆ. ಮಂಡ್ಯದಿಂದ ಮನೆಗೆ ಗೂಡ್ಸ್ ಆಟೋ, ಅದಕ್ಕೆ ಒಂಬೈನೂರು. ಮನೆಯಲ್ಲಿ ಮುನ್ನೂರು ಅಂತ ಹೇಳಿದ್ದೇನೆ.

ಆ ಕಟ್ಟೆ ಮೇಲೆ ಮಲಗಿದ್ದಾಗಲೇ ಒಂದು ವಿಷಯ ಹೊಳೆದದ್ದು. ಎದುರಿಗೆ ನೀರು ತುಂಬಿದ ಸಣ್ಣ ಕಾಲುವೆ ಇತ್ತು. ನೀರು ತಾನಾಗೇ ಹರಿಯಬೇಕಲ್ಲ, ಅದಕ್ಕೇ ನಾಲೆ ತೆಗೆದವರು ದಿಣ್ಣೆಯ ಸೊಂಟ ಸುತ್ತಿಕೊಂಡು, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ತಂದಿರುತ್ತಾರೆ. ಅಂದರೆ ನಾಲೆ ಏರಿ ಮೇಲಿನ ದಾರಿಯಲ್ಲಿ ಏರೂ ಇಲ್ಲ, ಇಳಿವೂ ಇಲ್ಲ. ಕಾಲಿಗೆ ಅದೇ ವಿಶ್ರಾಂತಿ. ಒಂದು ಹೊಳೆಯ ಸೀಮೆಯಿಂದ ಇನ್ನೊಂದು ಹೊಳೆಯ ಸೀಮೆಗೆ ದಾಟುವಾಗ ಮಾತ್ರ ಹತ್ತಬೇಕು. ಉಳಿದ ಹೊತ್ತು ನಾಲೆ ಮೇಲೆ ದಣಿವು ಆರಿಸಿಕೊಳ್ಳಬೇಕು. ನನ್ನ ಲೆಕ್ಕ ಇಷ್ಟೇ.

ಮನೆಗೆ ಬಂದು ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಹರಡಿಕೊಂಡೆ. ಅದರಲ್ಲಿ 20 ಮೀಟರ್‌ಗೆ ಒಂದು ಎತ್ತರದ ಗೆರೆ ಇರುತ್ತದೆ. ಹೊಳೆಗಳಿಗೆ ನೀಲಿ, ಎರಡು ಹೊಳೆಗಳ ನಡುವಿನ ದಿಣ್ಣೆಗೆ ಕೆಂಪು ಸ್ಕೆಚ್ ಪೆನ್. ಕೆಂಪು ಗೆರೆಯನ್ನು ನನ್ನ ದಾರಿ ಎಷ್ಟು ಸಲ ಕಡಿಯುತ್ತದೆ ಅಂತ ಎಣಿಸಿದರೆ ಏರಿನ ಅಂದಾಜು ಸಿಕ್ಕಿತು. ಫೋನಿಗಿಂತ ಇದೇ ಸರಿಯಾಗಿ ಬಂತು. ಮಗಳು "ಅಪ್ಪಾ, ಇದು ನನ್ನ ಪ್ರಾಜೆಕ್ಟ್ ಪೆನ್" ಅಂತ ಜಗಳ ತೆಗೆದಳು, ಅದು ಬೇರೆ ಮಾತು.

ಈಗ ದಾರಿ. ಬೆಳಗಿನ ಐದಕ್ಕೆ ಹೊರಟು ಬೆಳಗೊಳ, ಪಾಲಹಳ್ಳಿ ಮೇಲೆ ಶ್ರೀರಂಗಪಟ್ಟಣ. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್‌ನವರನ್ನು ಬಿಡುವುದಿಲ್ಲ, ಸರ್ವೀಸ್ ರಸ್ತೆಯೇ ಗತಿ. ಆದ್ದರಿಂದ ಅದನ್ನು ದಾಟುವುದಷ್ಟೇ ನಮ್ಮ ಕೆಲಸ. ಕಿರಂಗೂರು, ಪಾಂಡವಪುರ, ಕುಂತಿಬೆಟ್ಟ ನೋಡಿಕೊಂಡು ತೊಣ್ಣೂರು ಕೆರೆ. ಏಳು ಗಂಟೆಗೆ ಕೆರೆ ಏರಿ ಮೇಲೆ ಕೂತು ಒಂದು ಬಾಳೆಹಣ್ಣು ತಿನ್ನದೆ ಮುಂದೆ ಹೋಗುವವರು ಸೈಕಲ್ ಮಾರಿಬಿಡುವುದು ಒಳ್ಳೆಯದು. ಆಮೇಲೆ ಜಕ್ಕನಹಳ್ಳಿ, ಅಲ್ಲಿಂದ ಮೇಲುಕೋಟೆ. ಈ ಏರನ್ನು ದೊಡ್ಡ ಗೇರಿನಲ್ಲಿ ಹತ್ತಿ ತೋರಿಸುವ ಹುಡುಗರಿದ್ದಾರೆ. ನಾನು ಮುಂದೆ 34 ಹಲ್ಲಿನ, ಹಿಂದೆ 32 ಹಲ್ಲಿನ ಹಗುರ ಗೇರು ಹಾಕಿಕೊಂಡು ಎಮ್ಮೆ ನಡೆದ ಹಾಗೆ ಹತ್ತುತ್ತೇನೆ. ಸಂಜೆ ಯಾರು ನಗುತ್ತಾರೆ ಅಂತ ನೋಡಿದರೆ ಆಯಿತು. ಪುಳಿಯೋಗರೆ ಪೊಟ್ಟಣ ಕಟ್ಟಿಸಿಕೊಂಡು ಇಳಿದರೆ ಮತ್ತೆ ಜಕ್ಕನಹಳ್ಳಿ, ದುದ್ದ, ಮಂಡ್ಯ. ಮಂಡ್ಯದಿಂದ ಕೆಳಗೆ ಅರಕೆರೆ, ಬನ್ನೂರು, ಸೋಮನಾಥಪುರ, ತಿ. ನರಸೀಪುರದ ಹತ್ತಿರ ಮತ್ತೆ ಕಾವೇರಿ ದಾಟಿ ವರುಣದ ಮೇಲೆ ವಾಪಸ್. ಊರು ಬಂತು ಅನ್ನುವಾಗ ಮನೆಗೆ ಹೋಗದೆ ಚಾಮುಂಡಿ ಬೆಟ್ಟ ಹತ್ತಬೇಕು. 180 ಕಿಲೋಮೀಟರ್ ಆದ ಮೇಲೆ ಆ ಬೆಟ್ಟ ನೀವು ದಿನಾ ಬೆಳಿಗ್ಗೆ ಹತ್ತುವ ಬೆಟ್ಟ ಅಲ್ಲ.

ಪಾಂಡವಪುರದ ಕಡೆಯೂ ಮಂಡ್ಯದ ಸುತ್ತಲೂ ನಾನು ಹಿಡಿಯುವುದು ವಿಶ್ವೇಶ್ವರಯ್ಯ ನಾಲೆ ಮತ್ತು ಅದರ ಕವಲುಗಳ ಏರಿ. ಕೆಆರ್‌ಎಸ್ ಎಡದಂಡೆಯಿಂದ ಹೊರಟು ಹುಲಿಕೆರೆ ಸುರಂಗ ಹಾದು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಹೋಗುವ ನಾಲೆ ಅದು. "ಏರಿ ರಸ್ತೆ ಬರೀ ಗುಂಡಿ" ಅಂತ ಎಲ್ಲರೂ ಹೆದರಿಸಿದ್ದರು. ಪೂರ್ತಿ ಸುಳ್ಳಲ್ಲ. ಆದರೆ ನನಗೆ ಎರಡು ವರ್ಷ ನೋಡಿದ ಮೇಲೆ ಗೊತ್ತಾದದ್ದು ಹೀಗೆ: ನಾಲೆಯಲ್ಲಿ ನೀರು ಇರುವಾಗ ರಿಪೇರಿ ಕೆಲಸ ನಡೆಯುವುದಿಲ್ಲ, ಟಿಪ್ಪರ್ ಓಡಾಡುವುದಿಲ್ಲ, ಏರಿ ಗಟ್ಟಿಯಾಗಿರುತ್ತದೆ. ನೀರು ನಿಲ್ಲಿಸಿದ ಮೇಲೆ ಹೋದರೆ ಅರ್ಧ ಅಡಿ ಧೂಳು. ಯಾವ ಕವಲಿನಿಂದ ದುದ್ದದ ರಸ್ತೆಗೆ ಸೇರಿಕೊಳ್ಳಬಹುದು ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಮೂರು ಕಿಲೋಮೀಟರ್ ಇದೆ, ಹುಣಸೆ ಮರದ ಸಾಲು, ಒಂದು ಗಾಡಿಯೂ ಬರುವುದಿಲ್ಲ. ಬಾಯಿಬಿಟ್ಟರೆ ಮುಂದಿನ ಭಾನುವಾರ ಅಲ್ಲಿ ಐವತ್ತು ಸೈಕಲ್ ಇರುತ್ತವೆ.

ಒಂದು ಎಚ್ಚರಿಕೆ. ಕತ್ತಲಲ್ಲಿ ನಾಲೆ ಏರಿಗೆ ಹೋಗಬೇಡಿ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಸತ್ತರು, ಅದೂ ಹಾಡಹಗಲಲ್ಲಿ. ಎಷ್ಟೋ ಕಡೆ ತಡೆಗೋಡೆ ಇಲ್ಲ. ನಾನು ಬೆಳಕು ಹರಿದ ಮೇಲೆ, ನೀರಿನ ಕಡೆ ಬಿಟ್ಟು ಗದ್ದೆ ಕಡೆಯ ಅಂಚಿನಲ್ಲೇ ತುಳಿಯುತ್ತೇನೆ.

ಏರಿಯ ಇನ್ನೊಂದು ಕಾಟ ಜಾಲಿ ಮುಳ್ಳು. ಪೊದೆ ಸವರಿ ಕಡ್ಡಿ ಅಲ್ಲೇ ಬಿಟ್ಟಿರುತ್ತಾರೆ. ಒಂದೇ ದಿನ ನಾಲ್ಕು ಪಂಕ್ಚರ್ ಆಗಿ, ಕೊನೆಯದಕ್ಕೆ ಪ್ಯಾಚ್ ಖಾಲಿ. ಟೈರ್ ಒಳಗೆ ಹಾಕುವ ಟೇಪ್ ತಂದೆ, ಸುಮಾರು ಆರುನೂರು ಹೋಯಿತು. ಟೇಪಿನ ಅಂಚೇ ಟ್ಯೂಬ್ ಕೊಯ್ಯಿತು. ಟ್ಯೂಬಿಗೆ ತೂತು ಮುಚ್ಚುವ ಸೀಲೆಂಟ್ ದ್ರವ ಹಾಕಿದೆ, ಸಣ್ಣ ಮುಳ್ಳಿಗೆ ಪರವಾಗಿಲ್ಲ. ಕೊನೆಗೆ ಗುಣವಾದದ್ದು ಟೈರ್ ಬದಲಿಸಿದ್ದರಿಂದ. 25 ಮಿಲಿಮೀಟರ್ ಅಗಲದ್ದು ತೆಗೆದು 28ರದ್ದು ಹಾಕಿದೆ, ಗಾಳಿ 100 ಪಿಎಸ್‌ಐನಿಂದ 70ಕ್ಕೆ ಇಳಿಸಿದೆ. ನನ್ನ ತೂಕ 78 ಕಿಲೋ, ನೀವು ದಪ್ಪ ಇದ್ದರೆ ಇನ್ನಷ್ಟು ಬೇಕು. 32 ಹಾಕುವ ಆಸೆ ಇತ್ತು, ಫ್ರೇಮಿನಲ್ಲಿ ಜಾಗ ಇಲ್ಲ. ಎರಡು ಟೈರಿಗೆ ಐದೂವರೆ ಸಾವಿರ ಕೊಟ್ಟ ನೆನಪು. ಸೆಕೆಂಡ್ ಹ್ಯಾಂಡ್ ಸೈಕಲ್ 48 ಸಾವಿರಕ್ಕೆ ತಂದದ್ದು. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಸೆಟ್), ಟೈರ್, ಶೂ, ಬಿಬ್ (ಸೈಕಲ್ ಚಡ್ಡಿ) ಎಲ್ಲ ಕೂಡಿದರೆ ಇವತ್ತಿಗೆ ಒಂದು ಲಕ್ಷದ ಹತ್ತಿರ. ನಮ್ಮ ಮನೆಯವರಿಗೆ ಈ ಲೆಕ್ಕ ಗೊತ್ತಿಲ್ಲ, ದಯವಿಟ್ಟು ಯಾರೂ ಹೇಳಬೇಡಿ.

ಮೂರನೇ ಪ್ರಯತ್ನವನ್ನು ಆಷಾಢದಲ್ಲಿ ಮಾಡಿದ್ದೆ. ಎಲ್ಲ ಸರಿಯಿತ್ತು, ತಿ. ನರಸೀಪುರದವರೆಗೆ. ಅಲ್ಲಿಂದ ಮೈಸೂರಿಗೆ ಪಡುವಣ ಗಾಳಿ ಎದೆಗೆ ಗುದ್ದಿದ ಹಾಗೆ ಬಂತು. ಮಟ್ಟಸ ರಸ್ತೆಯಲ್ಲಿ ಗಂಟೆಗೆ 14 ಕಿಲೋಮೀಟರ್! ಮೂವತ್ತು ಕಿಲೋಮೀಟರ್‌ಗೆ ಎರಡು ಗಂಟೆ ಮೇಲೆ ಹಿಡಿಯಿತು. ಆಷಾಢ ಶುಕ್ರವಾರದ ಜನ ಬೆಟ್ಟದಲ್ಲಿ ಬೇರೆ. ಕಾರ್ತಿಕ ಕಳೆದ ಮೇಲೆ ಗಾಳಿ ಮೂಡಣದಿಂದ ಬೀಸುತ್ತದೆ, ಅದೇ ರಸ್ತೆಯಲ್ಲಿ ಬೆನ್ನು ತಳ್ಳುತ್ತದೆ. ಆದರೆ ತೀರಾ ತಡ ಮಾಡಿದರೆ ಒಕ್ಕಣೆ ಶುರು. ನಾಲ್ಕನೇ ಸಲ ಪುಷ್ಯದಲ್ಲಿ ಹೋಗಿ, ರಸ್ತೆ ಮೇಲೆ ಹರಡಿದ್ದ ಹುರುಳಿ ಸೊಪ್ಪು ಗೇರು ಬದಲಿಸುವ ಹಿಂದಿನ ಡಿರೇಲರ್‌ಗೆ ಸುತ್ತಿಕೊಂಡು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಲಟ್ ಅಂತ ಮುರಿಯಿತು. ಒಕ್ಕುತ್ತಿದ್ದ ಅಜ್ಜಿ, "ನೋಡ್ಕಂಡ್ ಬರಬಾರ್ದೇನಪ್ಪ, ನನ್ ಹುಳ್ಳಿಯೆಲ್ಲ ಚೆಲ್ಲಾಡ್ಬುಟ್ಟೆ" ಅಂತ ನನಗೇ ಬೈದರು. ಹ್ಯಾಂಗರ್‌ಗೆ ಒಂಬೈನೂರು, ಅದು ಬರಲು ಎರಡು ವಾರ. ಈಗ ಚೀಲದಲ್ಲಿ ಒಂದು ಜಾಸ್ತಿ ಇಟ್ಟಿರುತ್ತೇನೆ. ಸೊಪ್ಪು ಕಂಡರೆ ಇಳಿದು ಸೈಕಲ್ ಎತ್ತಿಕೊಂಡು ನಡೆಯುತ್ತೇನೆ.

ಊಟದಲ್ಲೂ ಪ್ರಯೋಗ ನಡೆಯಿತು. ಸವಾರಿಯಲ್ಲಿ ಶಕ್ತಿಗೆ ತಿನ್ನುವ ಅಂಗಡಿಯ ಜೆಲ್ ಒಂದಕ್ಕೆ ನೂರರ ಮೇಲೆ, ಅದನ್ನು ಬಿಟ್ಟು ಬಾಟಲಿಗೆ ಮಜ್ಜಿಗೆ ಸೇರಿಸಿದ ರಾಗಿ ಅಂಬಲಿ ತುಂಬಿಕೊಂಡು ಹೊರಟೆ. ಹನ್ನೊಂದು ಗಂಟೆ ಬಿಸಿಲಿಗೆ ಹುಳಿ ಬಂದು, ಮುಚ್ಚಳ ತೆಗೆದರೆ ಮುಖಕ್ಕೆಲ್ಲ ಅಂಬಲಿ. ಆಲೆಮನೆಯಲ್ಲಿ ಕೊಟ್ಟ ಕಬ್ಬಿನ ಹಾಲು ಎರಡು ಲೋಟ ಕುಡಿದು ಹೊಟ್ಟೆ ಕೆಟ್ಟಿದ್ದೂ ಉಂಟು. ಈಗ ಬೆಲ್ಲ, ಹುರಿದ ಕಡಲೆಬೀಜ, ಚಿಟಿಕೆ ಉಪ್ಪು, ಅದರ ಜೊತೆ ಇನ್ನೊಂದು ವಸ್ತು ಕುಟ್ಟಿ ಉಂಡೆ ಮಾಡಿಕೊಳ್ಳುತ್ತೇನೆ. ಆ ಇನ್ನೊಂದು ವಸ್ತು ನಮ್ಮಮ್ಮ ಹೇಳಿಕೊಟ್ಟದ್ದು, ಹಾಗಾಗಿ ಅದೂ ಗುಟ್ಟು.

ಕೊನೆಗೆ ಮಾರ್ಗಶಿರದ ಸವಾರಿಯಲ್ಲಿ ಮೀಟರ್ ತೋರಿಸಿದ ಒಟ್ಟು ಏರು 1,700 ಮೀಟರ್ ಆಸುಪಾಸು. ಗುಂಪಿನ ಒಬ್ಬರು ಅದೇ ದಾರಿಯಲ್ಲಿ ಹೋಗಿ ಬಂದು, "ನನಗೆ 1,450 ಅಷ್ಟೇ ಬಂತು, ನಿಮ್ದು ಸುಳ್ಳು" ಅಂದರು. ಅವರದು ಬರೀ ಜಿಪಿಎಸ್ ನೋಡಿ ಎತ್ತರ ಹಾಕುವ ಮೀಟರ್, ನನ್ನದು ಗಾಳಿಯ ಒತ್ತಡ ನೋಡಿ ಹೇಳುವುದು. ಅದು ಮೋಡ ಕವಿದರೆ ಸ್ವಲ್ಪ ಜಾಸ್ತಿಯೇ ಹೇಳುತ್ತದೆ, ಒಪ್ಪುತ್ತೇನೆ. ಆದರೆ ಅವರು ಮೂರು ಕಿಲೋಮೀಟರ್ ಹುಣಸೆ ಸಾಲು ಸಿಗದೆ ಟಾರು ರಸ್ತೆಯಲ್ಲೇ ಸುತ್ತಿ ಬಂದವರು, ಒಟ್ಟು ಹದಿಮೂರು ಗಂಟೆ ಮೇಲಾಗಿತ್ತು. ಮುಂದಿನ ಕಾರ್ತಿಕಕ್ಕೆ ಮಳವಳ್ಳಿ, ಶಿವನಸಮುದ್ರ, ಬೆಳಕವಾಡಿ, ತಲಕಾಡು ಸೇರಿಸಿ 300 ಮಾಡುವ ಯೋಚನೆ ಇದೆ. ಕೆಂಪು ಪೆನ್ ಈ ಸಲ ನನ್ನದೇ ತಂದಿಟ್ಟುಕೊಂಡಿದ್ದೇನೆ.