ಕೊಂದು ಬಂದವಳ ರೊಟ್ಟಿ

ನಮ್ಮೂರು ಮುಧೋಳ ತಾಲೂಕಿನಲ್ಲಿದೆ. ಜಾತ್ರೆ ಬಂತೆಂದರೆ ನಾಟಕ ಆಗಲೇಬೇಕು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು, ಹಾಗಾಗಿ ಬರೆಯುವ ಕೆಲಸ ಹದಿನೈದು ವರ್ಷದಿಂದ ನನ್ನ ಕೊರಳಿಗೇ ಬಿದ್ದಿದೆ. ಕುಡುಕ ಗಂಡ, ಗೌಡನ ದರ್ಪ, ಅಣ್ಣ-ತಂಗಿ ಕಣ್ಣೀರು, ನಡುವೆ ಒಂದು ಹಾಸ್ಯದ ಜೋಡಿ. ಮಸಾಲೆ ಅದೇ, ಹೆಸರು ಮಾತ್ರ ಬೇರೆ.

ಹೋದ ವರ್ಷ ಹುಡುಗರು ಬಂದು, "ಸರ, ಈ ಸಲ ಹೀರೋಯಿನ್ನೇ ಹೊಡೀಬೇಕ್ರಿ. ಒಬ್ಬೊಬ್ಬನ್ನ ಹುಡುಕಿ ಹುಡುಕಿ" ಅಂದರು. ಅವರ ತಲೆಯಲ್ಲಿ ಮಾಲಾಶ್ರೀ ಇದ್ದಳು. ಜೊತೆಗೆ ಮೊಬೈಲಿನಲ್ಲಿ ನೋಡಿದ ಇಂಗ್ಲಿಷ್, ಕೊರಿಯನ್ ಸಿನಿಮಾಗಳ ತುಣುಕುಗಳೂ ಇದ್ದವು.

ಮೂರು ವಾರದಲ್ಲಿ ಬರೆದೆ. ಗಂಡನನ್ನು ಕೊಂದ ನಾಲ್ವರು, ಹೆಂಡತಿ ಗಂಗವ್ವ, ನಾಲ್ಕು ಕೊಲೆ. ಕೊನೆಗೆ ಕುಡುಗೋಲು ಎತ್ತಿ ಹಿಡಿದು ಒಂದು ಪುಟದ ಡೈಲಾಗು. ಓದಿ ತೋರಿಸಿದಾಗ ಹುಡುಗರು ಸಿಳ್ಳೆ ಹೊಡೆದರು. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು ಮಾತ್ರ ಎಲೆ-ಅಡಿಕೆ ಹಾಕಿಕೊಂಡು ಸುಮ್ನೆ ಕೂತಿದ್ದರು. ಆಮೇಲೆ, "ಎರಡನೇ ಕೊಲಿಗೆ ಮಂದಿ ಚಾ ಕುಡಿಯಾಕ ಏಳ್ತಾರ್ರಿ ಸರ" ಅಂದರು.

ಸಿಟ್ಟು ಬಂತು. ಮನೆಗೆ ಬಂದು ಮತ್ತೆ ಓದಿದೆ. ನಾಲ್ಕೂ ಕೊಲೆ ಒಂದೇ ಥರ ಇದ್ದವು. ಗಂಗವ್ವನಿಗೆ ಒಂದು ಗೀರೂ ಬಿದ್ದಿರಲಿಲ್ಲ, ಮೈಗೂ ಇಲ್ಲ, ಮನಸ್ಸಿಗೂ ಇಲ್ಲ.

ಆಗ ಹುಡುಗರು ಹೇಳಿದ ಸಿನಿಮಾಗಳನ್ನು ಪೂರ್ತಿ ನೋಡಲು ಕೂತೆ. ಫೈಟಿಗಲ್ಲ, ಫೈಟ್ ಮುಗಿದ ಮೇಲೆ ಏನಿದೆ ಅಂತ ನೋಡಲು. 1973ರ ಜಪಾನಿ 'ಲೇಡಿ ಸ್ನೋಬ್ಲಡ್'ನಲ್ಲಿ ನಾಯಕಿ ಹುಟ್ಟುವುದೇ ಜೈಲಿನಲ್ಲಿ. ತನ್ನಿಂದ ಆಗದೇ ಉಳಿದ ಸೇಡು ತೀರಿಸಲಿ ಅಂತಲೇ ತಾಯಿ ಅವಳನ್ನು ಹೆತ್ತಿರುತ್ತಾಳೆ. ಅವ್ವನ ಸಾಲಕ್ಕೆ ಮಗಳ ಬದುಕನ್ನೇ ಒತ್ತೆ ಇಟ್ಟ ಹಾಗೆ. ಅವಳಿಗೆ ತನ್ನದು ಅನ್ನುವ ಸಿಟ್ಟೂ ಇಲ್ಲ.

2003ರ 'ಕಿಲ್ ಬಿಲ್' ಅಂದರೆ ಎಲ್ಲರಿಗೂ ನೆನಪಾಗುವುದು ಹಳದಿ ಬಟ್ಟೆ, ಕತ್ತಿ. ನಾನು ಐದು ಸಲ ಹಿಂದೆ ತಿರುಗಿಸಿ ನೋಡಿದ್ದು ಬೇರೆ ದೃಶ್ಯ. ಇಬ್ಬರು ಹೆಂಗಸರು ಮನೆಯೊಳಗೆ ಚಾಕು ಹಿಡಿದು ಬಡಿದಾಡುತ್ತಿರುತ್ತಾರೆ. ಹೊರಗೆ ಸ್ಕೂಲ್ ಬಸ್ ನಿಲ್ಲುತ್ತದೆ. ನಾಲ್ಕು ವರ್ಷದ ಮಗಳು ಒಳಗೆ ಬರುವಷ್ಟರಲ್ಲಿ ಇಬ್ಬರೂ ಚಾಕುಗಳನ್ನು ಬೆನ್ನ ಹಿಂದೆ ಮುಚ್ಚಿಡುತ್ತಾರೆ. ಸ್ವಲ್ಪ ಹೊತ್ತಿಗೆ ತಾಯಿ ಅಡುಗೆಮನೆಯಲ್ಲಿ ಹೆಣವಾಗುತ್ತಾಳೆ, ಮಗು ಬಾಗಿಲಲ್ಲಿ ನಿಂತಿರುತ್ತದೆ. ದೊಡ್ಡವಳಾದ ಮೇಲೂ ಉರಿ ಆರದಿದ್ದರೆ ಬಾ, ಕಾಯುತ್ತಿರುತ್ತೇನೆ ಅನ್ನುವ ಅರ್ಥದ ಮಾತು ಹೇಳಿ ಕೊಂದವಳು ಹೊರಡುತ್ತಾಳೆ. 2004ರ ಎರಡನೇ ಭಾಗದ ಕೊನೆಯಲ್ಲಿ, ಎಲ್ಲ ತೀರಿಸಿ, ತನ್ನ ಸ್ವಂತ ಮಗಳೂ ಕೈಗೆ ಸಿಕ್ಕ ಮೇಲೆ, ಆ ಕೊಂದವಳು ಬಚ್ಚಲಮನೆ ನೆಲದ ಮೇಲೆ ಬಿದ್ದು ಅಳುತ್ತಾಳೆ, ನಗುತ್ತಾಳೆ. ಆದರೂ ನಿಜ ಹೇಳಬೇಕಂದರೆ ಆ ಸಿನಿಮಾಕ್ಕೆ ಕೊಲ್ಲುವುದೆಂದರೆ ಜಾಸ್ತಿನೇ ಖುಷಿ.

ನನ್ನ ನಿದ್ದೆ ಕೆಡಿಸಿದ್ದು 2005ರ ಕೊರಿಯನ್ 'ಲೇಡಿ ವೆಂಜನ್ಸ್'. ಮಕ್ಕಳನ್ನು ಅಪಹರಿಸಿ ಕೊಂದವನೊಬ್ಬ ಸಿಕ್ಕಿಬೀಳುತ್ತಾನೆ. ಸತ್ತ ಮಕ್ಕಳ ತಂದೆ-ತಾಯಿಗಳು ಸರದಿಯಲ್ಲಿ ಒಳಗೆ ಹೋಗಿ ಅವನನ್ನು ತೀರಿಸುತ್ತಾರೆ. ಆಮೇಲೆ ಎಲ್ಲರೂ ಬೇಕರಿಯಲ್ಲಿ ಕೂತು ಕೇಕ್ ತಿನ್ನುತ್ತಾರೆ. ಅವನಿಗೆ ಕೊಟ್ಟ ಒತ್ತೆಹಣ ವಾಪಸ್ ಬರಬೇಕಲ್ಲ, ಅದಕ್ಕೆ ಬ್ಯಾಂಕ್ ಖಾತೆ ನಂಬರಿನ ಮಾತೂ ಬರುತ್ತದೆ. ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ನನಗೆ ಹೊಟ್ಟೆ ತೊಳಸಿತು.

ಮುಧೋಳದವನಾದ ನನಗೆ ಇದು ಹೊಸದಾಗಬಾರದಿತ್ತು, ಅಲ್ವಾ? ಇದೇ ಮಣ್ಣಿನ ರನ್ನ ಸಾವಿರ ವರ್ಷದ ಹಿಂದೆಯೇ 'ಗದಾಯುದ್ಧ' ಬರೆದ. ದ್ರೌಪದಿಯ ಬಿಚ್ಚಿದ ಮುಡಿ, ಭೀಮನ ಆಣೆ, ಎಲ್ಲ ಇದೆ. ಆದರೆ ಓದಿ ಮುಗಿಸಿದ ಮೇಲೆ ಕಣ್ಣೆದುರು ನಿಲ್ಲುವವನು ಹೆಣಗಳ ನಡುವೆ ನಡೆಯುತ್ತ ತಮ್ಮನನ್ನು, ಮಗನನ್ನು, ಕರ್ಣನನ್ನು ಕಂಡು ಅಳುವ ದುರ್ಯೋಧನ. ಮಕ್ಕಳಿಗೆ ರನ್ನನ ಪಾಠ ಮಾಡುವ ನನಗೆ ಇದು ನೆನಪಾಗಲು ಕೊರಿಯಾ ಸುತ್ತಿ ಬರಬೇಕಾಯಿತು.

ಮತ್ತೆ ಬರೆಯಲು ಕೂತೆ. ಎರಡು ಕೊಲೆ ತೆಗೆದೆ. ಒಂದನ್ನು ಪಡದೆ ಹಿಂದೆ ತಳ್ಳಿದೆ. ಗಂಗವ್ವನಿಗೆ ಆರು ವರ್ಷದ ಮಗನನ್ನು ಕೊಟ್ಟೆ. ಒಂದು ಪುಟದ ಡೈಲಾಗು ಮಾತ್ರ ತೆಗೆಯಲಿಲ್ಲ. ಚೆನ್ನಾಗಿ ಬರೆದಿದ್ದೀನಿ ಅನ್ನುವ ಹಮ್ಮು.

ಅದನ್ನು ತೆಗೆಸಿದವರು ಗದಗ ಕಡೆಯಿಂದ ಗಂಗವ್ವನ ಪಾತ್ರ ಮಾಡಲು ಬಂದ ಕಲಾವಿದೆ. ನಾಟಕಕ್ಕೆ ಎರಡು ದಿನ ಮೊದಲು ಬಂದು ತಾಲೀಮಿಗೆ ಕೂತರು. ಪುಟ ಓದಿ ಕೆಳಗಿಟ್ಟರು.

"ಸರ, ಕೊಂದು ಬಂದ ಹೆಣ್ಣಮಗಳು ಇಷ್ಟ ಮಾತಾಡ್ತಾಳೇನ್ರಿ?"

"ಮತ್ತೇನ್ ಮಾಡ್ತಾಳ್ರಿ ಅಕ್ಕಾರ?"

"ಮನ್ಯಾಗ ಹುಡುಗ ಹಸದಿರ್ತೈತಲ್ರಿ. ರೊಟ್ಟಿ ಬಡಿತಾಳ್ರಿ."

ಅಲ್ಲೇ ಪೆನ್ನು ತಗೊಂಡು ಆ ಪುಟಕ್ಕೆ ಗೀಟು ಹೊಡೆದೆ. ಒಲೆ, ಹಂಚು, ಪರಾತ, ಜೋಳದ ಹಿಟ್ಟು. ಗಂಗವ್ವ ಹೊರಗಿನಿಂದ ಬರುತ್ತಾಳೆ, ಕೈ ತೊಳೆಯುತ್ತಾಳೆ, ಕೂತು ಹಿಟ್ಟು ನಾದುತ್ತಾಳೆ. ಒಂದು ರೊಟ್ಟಿ ಹರಿಯುತ್ತದೆ. ಮತ್ತೆ ಮುದ್ದೆ ಮಾಡಿ ಬಡಿಯುತ್ತಾಳೆ. ಮಗ ಎದ್ದು ಬಂದು, "ಅವ್ವ, ಕೈಯಾಗ ಏನ?" ಅನ್ನುತ್ತಾನೆ. "ಹಿಟ್ಟು." ಪಡದೆ. ಎರಡು ನಿಮಿಷದ ಸೀನು ಅಂತ ಲೆಕ್ಕ ಹಾಕಿದ್ದೆವು.

ನಾಟಕದ ರಾತ್ರಿ ಆ ಲೆಕ್ಕ ಕೆಟ್ಟಿತು. ಹುಡುಗರು ಯಾರ ಮನೆಯಿಂದಲೋ ಹಳೇ ಹಿಟ್ಟು ತಂದಿದ್ದರು. ಜಿಗಿ ಅನ್ನುವುದೇ ಇರಲಿಲ್ಲ. ಬಿಸಿ ಎಸರೂ ಇರಲಿಲ್ಲ, ತಂಬಿಗೆಯಲ್ಲಿ ತಣ್ಣೀರು. ಒಂದು ಸಲ ಹರಿಯಬೇಕಿದ್ದ ರೊಟ್ಟಿ ನಾಲ್ಕು ಸಲ ಹರಿಯಿತು. ನಾನು ಪಕ್ಕದ ಪಡದೆ ಹಿಡಿದು ಬೆವರುತ್ತಿದ್ದೆ. ಮೇಲೆ ಇಳಿಬಿಟ್ಟ ಮೈಕಿನಲ್ಲಿ ಬಡಿತದ ಸದ್ದು ಊರ ತುಂಬ ಕೇಳುತ್ತಿತ್ತು. ಮೊದಲು ಮೆಲ್ಲಗಿದ್ದ ಸದ್ದು ಜೋರಾಯಿತು, ಆಮೇಲೆ ಅಡ್ಡಾದಿಡ್ಡಿ. ಮುಂದೆ ಕೂತ ಒಬ್ಬ ಸಿಳ್ಳೆ ಹೊಡೆದ. ಜೊತೆಗೆ ಯಾರೂ ಹೊಡೆಯಲಿಲ್ಲ. ಪೇಟಿ ಮಾಸ್ತರು ಪೇಟಿ ಮೇಲಿಂದ ಕೈ ತೆಗೆದಿದ್ದರು.

ಐದನೇ ಸಲ ಕಲಾವಿದೆ ಬಡಿಯಲೇ ಇಲ್ಲ. ಹರಿದ ಹಿಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕೂತರು. ಪಾತ್ರದ ಹುಡುಗನಿಗೆ ಯಾವಾಗ ಬರಬೇಕು ಅಂತ ತಿಳಿಯದೆ ನನ್ನ ಮುಖ ನೋಡಿದ. ನಾನೂ ಅವನನ್ನು ಕಳಿಸಲು ಮರೆತೇಬಿಟ್ಟೆ. ಕೊನೆಗೆ ಅವನೇ ಹೋದ, ಕೇಳಿದ. "ಹಿಟ್ಟು" ಅಂದರು. ದನಿ ಹಿಂದಿನ ಸಾಲಿಗೆ ಕೇಳಿರಲಿಕ್ಕಿಲ್ಲ.

ಬೆಳಗಿನ ಜಾವ ನಾಟಕ ಮುಗಿಯಿತು. ಜಾತ್ರಾ ಕಮಿಟಿಯ ಹಿರಿಯರೊಬ್ಬರು, "ಕೊಲಿ ಎರಡ ಕಡಿಮಿ ಆದವಲ್ರಿ ಮಾಸ್ತರ್ರ, ಹುಡುಗ್ರು ನಾಲ್ಕ ಅಂತ ಹೇಳಿದ್ರು" ಅಂದರು. ರೊಕ್ಕ ಕೊಟ್ಟವರು, ಕೇಳುವುದು ಸಹಜ. ಈ ವರ್ಷ ನಾಲ್ಕೂ ಬೇಕಂತೆ.

ಕಲಾವಿದೆ ಬಣ್ಣ ಒರೆಸಿಕೊಂಡು ಹೊರಗೆ ಬಂದರು. ಅವರಿಗೆ ಗದಗಿನ ಬಸ್ಸು ಹಿಡಿಯುವ ಅವಸರ. ಬಹಳ ಚೆನ್ನಾಗಿ ಮಾಡಿದಿರಿ ಅಂತ ಹೇಳಲು ಹೋದೆ.

"ಮಾಡಿದ್ದೇನ್ರಿ ಸರ, ರೊಟ್ಟಿ ಬರವಲ್ದಾಗಿತ್ತು," ಅಂದರು. "ಮುಂದಿನ ಸಲ ಹೊಸಾ ಹಿಟ್ಟು ಬೀಸಿಸ್ರಿ."