ಜಪಾನ್ ಸೇನೆಯ ಹಳೇ ಕತ್ತಿಯನ್ನು ಗುರುತಿಸುವುದು ಹೇಗೆ?

ಜಪಾನಿನ ಬಾಗಿದ ಕತ್ತಿ ಕಂಡರೆ ಸಾಕು, ಎಲ್ಲರೂ ಅದನ್ನು ಸಮುರಾಯ್ ಕತ್ತಿ ಅಂದುಬಿಡುತ್ತಾರೆ. ಆದರೆ ಸಮುರಾಯ್‌ಗಳು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ಸರ್ಕಾರ 1876ರಲ್ಲೇ ನಿಲ್ಲಿಸಿತ್ತು. ಆಮೇಲೆ ಆ ಹಕ್ಕು ಉಳಿದದ್ದು ಮುಖ್ಯವಾಗಿ ಸೈನ್ಯಕ್ಕೆ, ಪೊಲೀಸರಿಗೆ. ಈಗ ಮ್ಯೂಸಿಯಂಗಳಲ್ಲಿ, ಹರಾಜಿನ ಫೋಟೋಗಳಲ್ಲಿ ಕಾಣುವ ಎಷ್ಟೋ ಕತ್ತಿಗಳು ಎರಡನೇ ಮಹಾಯುದ್ಧದ ಕಾಲದ 'ಗುಂತೊ', ಅಂದರೆ ಸೈನ್ಯದ ಕತ್ತಿ.

ಮೊದಲು ಟೈಪ್ ನಂಬರ್, ಅಂದರೆ ಆ ಮಾದರಿ ಬಂದ ವರ್ಷವನ್ನು ಹೇಳುವ ಸಂಖ್ಯೆ ಓದುವುದನ್ನು ಕಲಿಯಿರಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಟೈಪ್ 30, 38 ಇಂಥವು ಮೇಜಿ ಚಕ್ರವರ್ತಿಯ ಆಳ್ವಿಕೆಯ ವರ್ಷಗಳು. ಅದಕ್ಕೆ 1867 ಕೂಡಿಸಿ: 30 ಅಂದರೆ 1897. ಟೈಪ್ 94, 95, 98 ಬಂದದ್ದು ನಮ್ಮ ಇಸವಿಗಿಂತ 660 ವರ್ಷ ಮುಂದಿರುವ ಜಪಾನಿನ ಹಳೇ ರಾಜವರ್ಷದಿಂದ. ಇಲ್ಲಿ 60 ಕಳೆದರೆ ಸಾಕು: 94 ಅಂದರೆ 1934.

ಈಗ ಹಿಡಿ ನೋಡಿ. ತೊರಕೆ ಮೀನಿನ ಚರ್ಮದ ಮೇಲೆ ದಾರ ಹೆಣೆದಿದ್ದು, ಲೋಹದ ಭಾಗಗಳ ಮೇಲೆ ಚೆರ್ರಿ ಹೂವಿದ್ದರೆ ಅದು ಅಧಿಕಾರಿಯ ಕತ್ತಿ. ಒರೆಗೆ ನೇತುಹಾಕುವ ಬಳೆ ಎರಡಿದ್ದರೆ ಸಾಮಾನ್ಯವಾಗಿ ಟೈಪ್ 94, ಒಂದೇ ಇದ್ದರೆ ಟೈಪ್ 98. ಕುಚ್ಚು ಉಳಿದಿದ್ದರೆ ಇನ್ನೂ ಒಳ್ಳೆಯದು: ಕಂದು-ನೀಲಿ ಕ್ಯಾಪ್ಟನ್‌ವರೆಗಿನವರದ್ದು, ಕಂದು-ಕೆಂಪು ಮೇಜರ್‌ನಿಂದ ಕರ್ನಲ್‌ವರೆಗಿನವರದ್ದು. ಹೆಣಿಗೆ ನಿಜವಾದ ದಾರವಲ್ಲದೆ ಲೋಹದಲ್ಲೇ ಎರಕ ಹೊಯ್ದು ಬಣ್ಣ ಬಳಿದಿದ್ದರೆ ಅದು ಹವಾಲ್ದಾರ್ ದರ್ಜೆಯವರ ಟೈಪ್ 95. ಅದರ ಅಲಗು ಯಂತ್ರದಲ್ಲಿ ತಯಾರಾದದ್ದು, ಮೇಲೆ ನಂಬರ್ ಒತ್ತಿರುತ್ತಾರೆ. ಒರೆಯ ಮೇಲಿನ ನಂಬರ್ ಬೇರೆ ಇದ್ದರೆ ಎರಡು ಕತ್ತಿಯ ಭಾಗಗಳು ಬೆರೆತಿವೆ ಅಂತ ಅರ್ಥ.

ಸಾಮಾನ್ಯ ಸಿಪಾಯಿಯ ಕೈಯಲ್ಲಿದ್ದದ್ದು ಕತ್ತಿಯಲ್ಲ, ಬಯೊನೆಟ್. ಇದನ್ನು ಜನ ಮರೆತೇಬಿಡುತ್ತಾರೆ. ಟೈಪ್ 30 ಬಯೊನೆಟ್‌ನ ಅಲಗೇ 40 ಸೆಂ.ಮೀ. ಉದ್ದ. ಟೈಪ್ 38 ಬಂದೂಕಿಗೆ ಸಿಕ್ಕಿಸಿದರೆ ಒಟ್ಟು ಸುಮಾರು 166 ಸೆಂ.ಮೀ., ಆ ಕಾಲದ ಎಷ್ಟೋ ಸಿಪಾಯಿಗಳಿಗಿಂತ ಎತ್ತರ! ಹಿಡಿಯ ಹತ್ತಿರದ ಅಡ್ಡಪಟ್ಟಿ ಕೊಕ್ಕೆಯಂತೆ ಬಾಗಿದ್ದರೆ ಮೊದಲ ವರ್ಷಗಳದ್ದು, ನೇರವಾಗಿದ್ದರೆ ನಂತರದ್ದು. ಒರಟು ಅಲಗು, ಮರದ ಒರೆ ಇದ್ದರೆ ಯುದ್ಧದ ಕೊನೆಯ ದಿನಗಳದ್ದು, ಆಗ ಕಬ್ಬಿಣಕ್ಕೂ ಬರ ಬಂದಿತ್ತು.

ಇವನ್ನು ಹೇಗೆ ಬಳಸುತ್ತಿದ್ದರು ಅಂತ ತಿಳಿಯಬೇಕಾದರೆ 1873ರಲ್ಲಿ ಟೋಕಿಯೋದಲ್ಲಿ ಶುರುವಾದ ತೊಯಾಮಾ ಸೇನಾಶಾಲೆಯ ಬಗ್ಗೆ ಓದಿ. ಅಲ್ಲಿ ಮೊದಮೊದಲು ಫ್ರೆಂಚ್ ಶಿಕ್ಷಕರು ಅವರದೇ ಪದ್ಧತಿ ಕಲಿಸಿದರು, ಆಮೇಲೆ ಜಪಾನೀಯರು ತಮ್ಮ ಹಳೇ ಈಟಿವಿದ್ಯೆಯನ್ನು ಬಯೊನೆಟ್‌ಗೆ ಹೊಂದಿಸಿಕೊಂಡರು. 1925ರಲ್ಲಿ ಅಧಿಕಾರಿಗಳಿಗಾಗಿ ಕತ್ತಿಯ ವರಸೆಗಳನ್ನು ಕಟ್ಟಿದಾಗ ಎಲ್ಲವನ್ನೂ ನಿಂತೇ ಮಾಡುವಂತೆ ಮಾಡಿದರು. ಬೂಟು ಹಾಕಿದವನು ರಣರಂಗದಲ್ಲಿ ಮಂಡಿಯೂರಿ ಕೂರೋದಿಲ್ಲ, ಅಲ್ವಾ?

ಕೊನೆಗೆ ಹಿಡಿಯೊಳಗೆ ಅಡಗಿರುವ ಅಲಗಿನ ಬುಡ. ಅಧಿಕಾರಿಗಳು ಕತ್ತಿಯನ್ನು ತಾವೇ ಕೊಳ್ಳಬೇಕಿತ್ತು, ಹಾಗಾಗಿ ಕೆಲವರು ಮನೆತನದ ಹಳೇ ಅಲಗಿಗೇ ಸೈನ್ಯದ ಹಿಡಿ ಹಾಕಿಸಿಕೊಂಡರು. ಬಿದಿರಿನ ಆಣಿ ತೆಗೆದರೆ ಬುಡದಲ್ಲಿ ಕಮ್ಮಾರನ ಹೆಸರು ಸಿಗಬಹುದು. ಆದರೆ ಈ ಕೆಲಸವನ್ನು ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ಅಲ್ಲಿರುವ ತುಕ್ಕನ್ನು ಮಾತ್ರ ಯಾವ ಕಾರಣಕ್ಕೂ ಉಜ್ಜಬೇಡಿ, ವಯಸ್ಸು ಹೇಳೋದೇ ಅದು.